ಹೆಂಚು, ಕುಂದಾ ಮತ್ತು ಒಂದು ಚಿಟಿಕೆ ನವಸಾಗರ

ಹಳೆಯ ಮನೆಯ ಮಾಡಿನಿಂದ ಜಾರಿ ಬಿದ್ದು ಒಡೆದ ಹೆಂಚಿನ ಚೂರು ಸಿಕ್ಕರೆ ಕೂಡಲೇ ಎಸೆಯಬೇಡಿ. ಒಡೆದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಕೆಂಪು, ಕೆಳಗೂ ಕೆಂಪು. ಕೆಲವು ಹೆಂಚುಗಳಲ್ಲಿ ಮಾತ್ರ ಆ ಎರಡು ಕೆಂಪಿನ ನಡುವೆ ಪೆನ್ಸಿಲಿನಿಂದ ತೀಡಿದ ಹಾಗೆ ಒಂದು ಬೂದುಗಪ್ಪು ಗೆರೆ ಇರುತ್ತದೆ. ನನ್ನ ಮೊಮ್ಮಗಳು ಹತ್ತನೆಯ ತರಗತಿಗೆ ಬಂದಾಗ ಅವಳಿಗೆ ಸಾವಯವ, ನಿರವಯವ ಎಂಬ ಎರಡು ದೊಡ್ಡ ಪದಗಳನ್ನು ಬಿಡಿಸಿ ಹೇಳಲು ನಾನು ಕೈಗೆತ್ತಿಕೊಂಡದ್ದು ಇಂಥದೊಂದು ಚೂರನ್ನು.

ಬೆಳಗಾವಿಯವರಿಗೆ ಹೆಂಚು, ಮಡಕೆ ಎಂದರೆ ಮೊದಲು ನೆನಪಾಗುವ ಊರು ಖಾನಾಪುರ. ಪಶ್ಚಿಮ ಘಟ್ಟದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಊರಿನ ಮಗ್ಗುಲಲ್ಲೇ ಹರಿದು ಮುಂದೆ ಹೋಗುತ್ತಾಳೆ. ಇಲ್ಲಿಯ ಮಣ್ಣು ಕುಂಬಾರನ ಕೈಗೆ ಒಗ್ಗುವ ಮಣ್ಣು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ. ಬೇರೆ ಬೇರೆ ರಾಜ್ಯಗಳ ಕುಂಬಾರರು ಕಲಿಯಲು ಬರುವ ಜಾಗ ಅದು.

ಈಗ ಆ ಮಣ್ಣಿನ ಒಳಗೆ ಏನಿದೆ ನೋಡೋಣ. ಜೇಡಿಮಣ್ಣು ಮುಖ್ಯವಾಗಿ ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಕ್ಸಿಜನ್ ಸೇರಿ ಆದ ವಸ್ತು. ಜೊತೆಗೆ ಒಂದಿಷ್ಟು ಕಬ್ಬಿಣ. ಮತ್ತೆ ನೀರು, ಅದೂ ಎರಡು ಬಗೆಯದು. ಒಂದು ನಾವು ಕಲಸುವಾಗ ಹಾಕಿದ ನೀರು. ಅದು ಬಿಸಿಲಿಗೇ ಹೋಗುತ್ತದೆ. ಇನ್ನೊಂದು ಮಣ್ಣಿನ ಕಣಗಳ ರಚನೆಯಲ್ಲೇ ಸಿಕ್ಕಿಹಾಕಿಕೊಂಡಿರುವಂಥದು. ಅದು ಬಿಟ್ಟುಹೋಗಬೇಕಾದರೆ ಭಟ್ಟಿಯ ಬಿಸಿ 500–600 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಿಸಿಲಲ್ಲಿ ಒಣಗಿದ ಹಣತೆಯನ್ನು ನೀರಿಗೆ ಹಾಕಿದರೆ ಮತ್ತೆ ಕೆಸರಾಗುತ್ತದೆ. ಸುಟ್ಟ ಹಣತೆಯನ್ನು ವರ್ಷಗಟ್ಟಲೆ ನೀರಿನಲ್ಲಿಟ್ಟರೂ ಮಣ್ಣಾಗುವುದಿಲ್ಲ. ಎರಡನೆಯ ಬಗೆಯ ನೀರು ಒಮ್ಮೆ ಹೋದ ಮೇಲೆ ಆ ಹಳೆಯ ಕಟ್ಟಡ ಉಳಿಯುವುದಿಲ್ಲ, ಬೇರೊಂದು ವಸ್ತುವೇ ಹುಟ್ಟುತ್ತದೆ. 900 ಡಿಗ್ರಿ ದಾಟುವ ಹೊತ್ತಿಗೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮಣ್ಣಿನಲ್ಲಿದ್ದ ಕಬ್ಬಿಣ ಗಾಳಿಯ ಆಕ್ಸಿಜನ್ ಹಿಡಿದುಕೊಂಡು ಕೆಂಪಾಗುತ್ತದೆ. ಹೆಂಚಿನ ಕೆಂಪು, ತುಕ್ಕಿನ ಕೆಂಪು ಹತ್ತಿರದ ಬಂಧುಗಳು. ಇದೆಲ್ಲ ನಿರವಯವ ರಸಾಯನಶಾಸ್ತ್ರ: ಕಲ್ಲು, ಮಣ್ಣು, ಲೋಹ, ಉಪ್ಪು, ಸುಣ್ಣಗಳ ಲೋಕ.

ಹಾಗಾದರೆ ನಡುವಿನ ಕಪ್ಪು ಗೆರೆ? ಹೊಲದ್ದೋ ಕೆರೆಯ ಅಂಗಳದ್ದೋ ಮಣ್ಣು ತಂದಾಗ ಅದರ ಜೊತೆ ಹುಲ್ಲಿನ ಬೇರು, ಕೊಳೆತ ಎಲೆ ಬಂದೇ ಬರುತ್ತವೆ. ಎಷ್ಟು ಆರಿಸಿದರೂ ಕಣ್ಣಿಗೆ ಕಾಣದಷ್ಟು ಸಣ್ಣವು ಉಳಿಯುತ್ತವೆ. ಭಟ್ಟಿ ಬಿಸಿಯಾಗುತ್ತಿದ್ದಂತೆ ಇವು ಮೊದಲು ಇದ್ದಿಲಾಗುತ್ತವೆ. ಆಮೇಲೆ ಗಾಳಿ ಸಿಕ್ಕರೆ ಉರಿದು ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತವೆ. ಆದರೆ ಹೆಂಚು ದಪ್ಪವಾಗಿದ್ದು ಬೆಂಕಿ ಅವಸರದ್ದಾಗಿದ್ದರೆ ಗಾಳಿ ನಡುವಿನವರೆಗೆ ತಲುಪುವುದಿಲ್ಲ. ಅಲ್ಲಿ ಇದ್ದಿಲು ಹಾಗೇ ಉಳಿದುಬಿಡುತ್ತದೆ. ಆ ಗೆರೆ ಎಂದೋ ಜೀವ ಇದ್ದ ಬೇರಿನ, ಎಲೆಯ ಕುರುಹು. ಸಾವಯವ ವಸ್ತು ಬಿಟ್ಟುಹೋದ ಕಾರ್ಬನ್. ನಮ್ಮ ಹಿರಿಯರ ಬಾಯಲ್ಲಿ ಇಂಗಾಲ.

ಬೆಂಕಿಯ ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಮಕ್ಕಳೇ, ಅಜ್ಜನೋ ಅಜ್ಜಿಯೋ ಪಕ್ಕದಲ್ಲಿ ನಿಂತಿರುವಾಗ ಮಾತ್ರ. ಹಳೆಯದೊಂದು ಉಕ್ಕಿನ ಚಮಚದಲ್ಲಿ ಕಾಲು ಚಮಚ ಸಕ್ಕರೆ, ಇನ್ನೊಂದರಲ್ಲಿ ಅಷ್ಟೇ ಉಪ್ಪು. ಬಟ್ಟೆ ಸುತ್ತಿದ ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಾಯಿಸಬೇಕು. ಸಕ್ಕರೆ ಕರಗುತ್ತದೆ, ಹೊಂಬಣ್ಣಕ್ಕೆ ತಿರುಗುತ್ತದೆ, ಒಳ್ಳೆಯ ವಾಸನೆ ಬರುತ್ತದೆ. ಆಮೇಲೆ ಕಹಿ ಹೊಗೆ ಎದ್ದು, ಉಬ್ಬಿ, ಕೊನೆಗೆ ಕರಕಲಾಗುತ್ತದೆ. ಉಪ್ಪು ಒಂದೆರಡು ಸಲ ಚಟಪಟ ಎನ್ನುತ್ತದೆ, ಅಷ್ಟೇ. ಅದು ಕರಗಬೇಕಾದರೂ 801 ಡಿಗ್ರಿ ಬೇಕು, ನಮ್ಮ ಚಮಚ ಅಲ್ಲಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ತುಂಡನ್ನು ಮಾತ್ರ ಇದೇ ರೀತಿ ಸುಡಲು ಹೋಗಬೇಡಿ. ಅದರ ಹೊಗೆ ವಿಷ. ಅಂದ ಹಾಗೆ ಪ್ಲಾಸ್ಟಿಕ್ ಕೂಡ ಕಾರ್ಬನ್ನಿನ ಸರಪಳಿಗಳಿಂದಲೇ ಆದದ್ದು, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದೂ ಸಾವಯವ. ಈ ಮಾತು ಹಲವು ಅಜ್ಜಂದಿರಿಗೆ ರುಚಿಸುವುದಿಲ್ಲ ಎಂದು ನನಗೆ ಗೊತ್ತು. ಆ ಜಗಳಕ್ಕೆ ಆಮೇಲೆ ಬರುತ್ತೇನೆ.

ಒಂದು ಧಾತುವಿಗೆ ಪ್ರತ್ಯೇಕ ಶಾಸ್ತ್ರವೇ ಏಕೆ? ಉತ್ತರ ಅದರ ಕೈಗಳಲ್ಲಿದೆ. ಹೈಡ್ರೋಜನ್ನಿಗೆ ಹಿಡಿಯಲು ಒಂದು ಕೈ, ಆಕ್ಸಿಜನ್ನಿಗೆ ಎರಡು, ನೈಟ್ರೋಜನ್ನಿಗೆ ಮೂರು ಎಂದುಕೊಳ್ಳಿ. ಕಾರ್ಬನ್ನಿಗೆ ನಾಲ್ಕು. ಅದಕ್ಕಿಂತ ದೊಡ್ಡ ವಿಶೇಷವೆಂದರೆ, ಕಾರ್ಬನ್ ಇನ್ನೊಂದು ಕಾರ್ಬನ್ನಿನ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದು ಮತ್ತೊಂದರದು, ಅದು ಮಗದೊಂದರದು. ಜಾತ್ರೆಯಲ್ಲಿ ಮಕ್ಕಳು ಕೈಕೈ ಹಿಡಿದು ಸಾಲಾಗಿ ನಡೆದಂತೆ ಉದ್ದ ಸರಪಳಿ ಆಗುತ್ತದೆ, ಕವಲೊಡೆಯುತ್ತದೆ, ಸುತ್ತಿ ಉಂಗುರವೂ ಆಗುತ್ತದೆ. ಗೋಬರ್ ಗ್ಯಾಸಿನ ಮೀಥೇನಿನಲ್ಲಿ ಒಂದೇ ಕಾರ್ಬನ್, ನಾಲ್ಕು ಕೈಗೆ ನಾಲ್ಕು ಹೈಡ್ರೋಜನ್. ನಾವು ತಿನ್ನುವ ಸಕ್ಕರೆಯ ಒಂದು ಅಣುವಿನಲ್ಲಿ 12 ಕಾರ್ಬನ್. ಅಕ್ಕಿಯ ಪಿಷ್ಟದಲ್ಲಿ, ಭಟ್ಟಿಗೆ ಹಾಕುವ ಕಟ್ಟಿಗೆಯ ನಾರಿನಲ್ಲಿ ಸಾವಿರಾರು.

ಹೆಂಚಿನಲ್ಲಿರುವ ಸಿಲಿಕಾನ್ ಕೂಡ ನಾಲ್ಕು ಕೈಯದೇ. ಧಾತುಗಳ ಕೋಷ್ಟಕದಲ್ಲಿ ಅದು ಕಾರ್ಬನ್ನಿನ ಸರಿಯಾಗಿ ಕೆಳಗಿನ ಮನೆಯಲ್ಲಿದೆ. ಆದರೆ ಅದಕ್ಕೆ ತನ್ನವರಿಗಿಂತ ಆಕ್ಸಿಜನ್ನಿನ ಮೇಲೆ ಪ್ರೀತಿ ಹೆಚ್ಚು. ಹಾಗಾಗಿ ಅದು ಮರಳಾಯಿತು, ಬಂಡೆಯಾಯಿತು, ಜೇಡಿಯಾಯಿತು.

ಕಾರ್ಬನ್ ಇದ್ದದ್ದೆಲ್ಲ ಸಾವಯವ ಎಂದು ಪರೀಕ್ಷೆಯಲ್ಲಿ ಬರೆದರೆ ಮಾತ್ರ ಅಂಕ ಹೋಗುತ್ತದೆ. ಸುಣ್ಣದ ಕಲ್ಲು, ಅಡುಗೆ ಸೋಡಾ, ನಾವು ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್, ಇವುಗಳಲ್ಲಿ ಕಾರ್ಬನ್ ಇದ್ದರೂ ನಡವಳಿಕೆ ಖನಿಜಗಳದು. ಆದ್ದರಿಂದ ಇವನ್ನು ನಿರವಯವದ ಸಾಲಿನಲ್ಲೇ ಕೂರಿಸಿದ್ದಾರೆ. ಹಳೆಯ ವಾಡಿಕೆ, ಮುಂದುವರಿದಿದೆ.

ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬಂದರೆ ಸಿಗುವುದು ಇನ್ನೊಂದು ಬಗೆಯ ಭಟ್ಟಿ, ಕುಂದಾ ಮಾಡುವವರ ಒಲೆ. ಹಾಲನ್ನು ಒಲೆಯ ಮೇಲೆ ಮರೆತುಬಿಟ್ಟದ್ದರಿಂದ ಕುಂದಾ ಹುಟ್ಟಿತು ಎಂದು ಊರಿನಲ್ಲಿ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಬಣ್ಣ ಹೇಗೆ ಬರುತ್ತದೆ ಎಂಬುದು ಗೊತ್ತು. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರು. ಉಳಿದದ್ದು ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್, ಪ್ರೋಟೀನು, ಕೊಬ್ಬು, ಒಂದಿಷ್ಟು ಖನಿಜ. ನೀರು ಇರುವವರೆಗೆ ಹಾಲಿನ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಇಂಗುತ್ತ ಬಂದಂತೆ ತಳದ ಬಿಸಿ ಏರಿ, ಲ್ಯಾಕ್ಟೋಸ್ ಮತ್ತು ಪ್ರೋಟೀನು ಕೂಡಿಕೊಳ್ಳಲು ತೊಡಗುತ್ತವೆ. ಅಲ್ಲಿಂದ ಒಂದರ ಹಿಂದೊಂದು ನೂರಾರು ಹೊಸ ವಸ್ತುಗಳು ಹುಟ್ಟುತ್ತವೆ. ಕಂದು ಬಣ್ಣ, ಆ ಘಮ, ಆ ಸ್ವಲ್ಪ ಸುಟ್ಟಂಥ ಸಿಹಿ ಎಲ್ಲ ಅವುಗಳದ್ದು. ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಅವನ ಹೆಸರೇ ಅದಕ್ಕೆ ನಿಂತಿದೆ. ರೊಟ್ಟಿಯ ಮೇಲಿನ ಕಂದು ಚುಕ್ಕೆ, ಹುರಿದ ಕಾಫಿ ಬೀಜ, ದೋಸೆಯ ಹೊಂಬಣ್ಣ, ಎಲ್ಲದರಲ್ಲೂ ಈ ಮೈಯಾರ್ ಇದ್ದಾನೆ.

ಇನ್ನೂ ಐದು ನಿಮಿಷ ಕೈ ಬಿಟ್ಟರೆ ಕುಂದಾ ಕರಕಲು. ಪೂರ್ತಿ ಸುಟ್ಟುಹೋಗಲು ಬಿಟ್ಟರೆ ಕೊನೆಗೆ ಒಂದು ಚಿಟಿಕೆ ಬಿಳಿ ಬೂದಿ ಉಳಿಯುತ್ತದೆ. ಅದು ಹಾಲಿನ ಕ್ಯಾಲ್ಸಿಯಂ, ರಂಜಕ, ಪೊಟ್ಯಾಸಿಯಂ. ಅಂದರೆ ಕುಂದಾದಲ್ಲೂ ಒಂದಿಷ್ಟು ನಿರವಯವ, ಹೆಂಚಿನಲ್ಲೂ ಒಂದು ಗೆರೆ ಸಾವಯವ. ಕಟ್ಟಿಗೆ ಉರಿದ ಮೇಲೆ ಉಳಿಯುವ ಬೂದಿಯೂ ಹೀಗೆಯೇ. ನಮ್ಮ ಅಜ್ಜಿಯರು ಪಾತ್ರೆ ತಿಕ್ಕುತ್ತಿದ್ದುದು ಮರ ನೆಲದಿಂದ ಹೀರಿಕೊಂಡಿದ್ದ ಖನಿಜದಿಂದ.

ಈಗ ಸ್ವಲ್ಪ ಇತಿಹಾಸ. ಸುಮಾರು 200 ವರ್ಷಗಳ ಹಿಂದೆ ಯುರೋಪಿನ ಪಂಡಿತರು ಈ ಎರಡು ಲೋಕಗಳ ನಡುವೆ ದಾಟಲಾಗದ ಗೋಡೆ ಇದೆ ಎಂದು ನಂಬಿದ್ದರು. ಸ್ವೀಡನ್ನಿನ ಬರ್ಜೀಲಿಯಸ್ ಆ ಕಾಲದ ದೊಡ್ಡ ಹೆಸರು. ಅವನ ಕಾಲದ ನಂಬಿಕೆ ಹೀಗಿತ್ತು: ಸಕ್ಕರೆ, ಎಣ್ಣೆ, ಹುಳಿ ಮುಂತಾದವು ಗಿಡ-ಪ್ರಾಣಿಗಳ ಅವಯವಗಳಲ್ಲಿ ಮಾತ್ರ ತಯಾರಾಗಬಲ್ಲವು. ಅದಕ್ಕೊಂದು ಜೀವಶಕ್ತಿ ಬೇಕು, ಗಾಜಿನ ಬಟ್ಟಲಿನಲ್ಲಿ ಅವನ್ನು ಮಾಡಲಾಗದು. ಆರ್ಗ್ಯಾನಿಕ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಅವಯವದಿಂದ ಬಂದದ್ದು ಎಂಬ ಅದೇ ಅರ್ಥ ಹಿಡಿದು ಕನ್ನಡದಲ್ಲಿ ಸಾವಯವ ಎಂದರು.

ಬರ್ಜೀಲಿಯಸ್‌ನ ಬಳಿ ಕಲಿತ ಜರ್ಮನಿಯ ತರುಣ ಫ್ರೀಡ್ರಿಷ್ ವ್ಯೋಲರ್. ಜೇಡಿಮಣ್ಣಿನಲ್ಲಿ ಅಡಗಿದೆ ಎಂದೆನಲ್ಲ ಅಲ್ಯೂಮಿನಿಯಂ, ಅದನ್ನು 1827ರಲ್ಲಿ ಬೂದುಬಣ್ಣದ ಪುಡಿಯಾಗಿ ಬೇರ್ಪಡಿಸಿದವರಲ್ಲಿ ಇವನೂ ಒಬ್ಬ. ಬೆಳಗಾವಿಯ ಹಿಂಡಾಲ್ಕೋ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುತ್ತಾರಲ್ಲ, ಆ ಉದ್ಯಮದ ಹಳೆಯ ಬೇರು ಅಲ್ಲಿದೆ. ಮರುವರ್ಷ, 1828ರಲ್ಲಿ, ವ್ಯೋಲರ್ ಬೆಳ್ಳಿಯ ಸಯನೇಟ್ ಎಂಬ ವಸ್ತುವಿಗೆ ಅಮೋನಿಯಂ ಕ್ಲೋರೈಡಿನ ದ್ರಾವಣ ಬೆರೆಸಿದ. ಅವನಿಗೆ ಬೇಕಾಗಿದ್ದದ್ದು ಅಮೋನಿಯಂ ಸಯನೇಟ್ ಎಂಬ ಒಂದು ಲವಣ. ದ್ರಾವಣವನ್ನು ಇಂಗಿಸಿದಾಗ ಬಂದದ್ದು ಬೇರೆಯೇ ಬಿಳಿ ಹರಳು. ಪರೀಕ್ಷಿಸಿದರೆ ಅದು ಯೂರಿಯಾ! ನಮ್ಮ ಮೂತ್ರದಲ್ಲಿರುವ ಅದೇ ಯೂರಿಯಾ. ಮೂತ್ರಪಿಂಡವಿಲ್ಲದೆ, ಮನುಷ್ಯನೂ ನಾಯಿಯೂ ಇಲ್ಲದೆ ಯೂರಿಯಾ ಮಾಡಿದ್ದೇನೆ ಎಂಬರ್ಥದಲ್ಲಿ ಅವನು ಗುರುವಿಗೆ ಪತ್ರ ಬರೆದ. ಗೋಡೆ ಒಂದೇ ದಿನಕ್ಕೆ ಬೀಳಲಿಲ್ಲ. 1845ರಲ್ಲಿ ಕೋಲ್ಬೆ ಎಂಬುವನು ನಿರವಯವ ವಸ್ತುಗಳಿಂದ ಹೊರಟು ವಿನೆಗರಿನ ಹುಳಿಯನ್ನು ಮಾಡಿದ. ಹೀಗೆ ಒಂದೊಂದೇ ಇಟ್ಟಿಗೆ ಕಳಚಿತು.

ಇಲ್ಲೊಂದು ಸ್ವಾರಸ್ಯವಿದೆ. ವ್ಯೋಲರ್ ಬಳಸಿದ ಅಮೋನಿಯಂ ಕ್ಲೋರೈಡ್ ಅಜ್ಜಿಯರಿಗೆ ಪರಿಚಿತ. ಅದೇ ನವಸಾಗರ. ಓಣಿಗೆ ಕಲಾಯಿಯವನು ಬಂದು ತಿದಿ ಊದಿ, ತಾಮ್ರ-ಹಿತ್ತಾಳೆಯ ಪಾತ್ರೆ ಕಾಯಿಸಿ, ಒಂದು ಚಿಟಿಕೆ ಬಿಳಿ ಪುಡಿ ಉದುರಿಸುತ್ತಿದ್ದನಲ್ಲ? ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತಲ್ಲ? ನವಸಾಗರ ಬಿಸಿಗೆ ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗುತ್ತದೆ. ಆಮ್ಲ ಲೋಹದ ಮೇಲಿನ ಕಿಲುಬನ್ನು ತೆಗೆಯುತ್ತದೆ. ಮೇಲಕ್ಕೆ ಹೋದ ಎರಡೂ ತಣ್ಣಗಾಗಿ ಮತ್ತೆ ನವಸಾಗರವಾಗಿ ಕೂಡುವುದೇ ಆ ಬಿಳಿ ಹೊಗೆ. ಸ್ವಚ್ಛವಾದ ಮೈಗೆ, 232 ಡಿಗ್ರಿಗೇ ಕರಗುವ ತವರ ನೀಟಾಗಿ ಅಂಟಿಕೊಳ್ಳುತ್ತದೆ.

ಈಗ ಆ ಜಗಳ. ಸಂಜೆ ಹರಟೆಗೆ ಬರುವ ನನ್ನ ಓರಗೆಯ ಗೆಳೆಯರೊಬ್ಬರು ಸಾವಯವ ಬೆಲ್ಲದ ಪೊಟ್ಟಣ ತಂದು, "ತಿನ್ನವ್ವ, ಇದರಾಗ ಕೆಮಿಕಲ್ಲ ಇಲ್ಲ" ಎಂದರು. ಮೊಮ್ಮಗಳು ಸುಮ್ಮನಿರುವವಳಲ್ಲ. "ಅಜ್ಜಾ, ಬೆಲ್ಲನ ಕೆಮಿಕಲ್ಲ ಐತಿ. ಸುಕ್ರೋಸ್ ಅಂತಾರ ಅದಕ್ಕ. ಮತ್ತ ನೀವು ಬೈತೀರಲ್ಲ ಯೂರಿಯಾ, ಅದೂ ಸಾವಯವನ" ಎಂದಳು. ಗೆಳೆಯರ ಮುಖ ಕೆಂಪಾಯಿತು. ಜೀವನವಿಡೀ ಹೊಲ ಮಾಡಿದವರು ಅವರು.

ಇಬ್ಬರೂ ಹೇಳಿದ್ದರಲ್ಲಿ ಹುರುಳಿತ್ತು. ಒಂದೇ ಪದಕ್ಕೆ ಎರಡು ಮನೆ. ಶಾಲೆಯಲ್ಲಿ ಸಾವಯವ ಎಂದರೆ ಕಾರ್ಬನ್ ಸರಪಳಿಯ ಲೋಕಕ್ಕೆ ಸೇರಿದ ವಸ್ತು. ಅದು ಗಿಡದಿಂದ ಬಂದಿತೋ ಕಾರ್ಖಾನೆಯಿಂದ ಬಂದಿತೋ ಎಂದು ರಸಾಯನಶಾಸ್ತ್ರ ಕೇಳುವುದಿಲ್ಲ. ವ್ಯೋಲರ್‌ನ ಬಟ್ಟಲಿನ ಯೂರಿಯಾ, ಮೂತ್ರದ ಯೂರಿಯಾ, ಮಂಗಳೂರಿನ ಪಣಂಬೂರಿನ ಕಾರ್ಖಾನೆಯ ಯೂರಿಯಾ, ಮೂರರ ಅಣುವೂ ಒಂದೇ. ಒಂದು ಕಾರ್ಬನ್, ಒಂದು ಆಕ್ಸಿಜನ್, ಎರಡು ನೈಟ್ರೋಜನ್, ನಾಲ್ಕು ಹೈಡ್ರೋಜನ್. ಸಂತೆಯಲ್ಲಿ ಸಾವಯವ ಎಂದರೆ ಬೆಳೆದ ರೀತಿ. ಕಾರ್ಖಾನೆಯ ಗೊಬ್ಬರ, ಕೀಟನಾಶಕ ಹಾಕದೆ, ಕೊಟ್ಟಿಗೆ ಗೊಬ್ಬರ ಹಸಿರೆಲೆಗಳಿಂದ ನೆಲವನ್ನು ಸಾಕಿ ಬೆಳೆದದ್ದು. ಕರ್ನಾಟಕ ಸರಕಾರ 2004ರಲ್ಲೇ ಇದಕ್ಕೊಂದು ನೀತಿಯನ್ನೂ ಮಾಡಿದೆ. ಗೆಳೆಯರ ಕೋಪಕ್ಕೆ ಕಾರಣವೂ ಇತ್ತು. ಯೂರಿಯಾದ ತೂಕದಲ್ಲಿ ನೂರಕ್ಕೆ 46 ಪಾಲು ನೈಟ್ರೋಜನ್. ಅಷ್ಟು ಬಲವಾದದ್ದನ್ನು ಲೆಕ್ಕವಿಲ್ಲದೆ ಸುರಿದರೆ ಬೆಳೆ ಕುಡಿದು ಮಿಕ್ಕಿದ್ದು ನೈಟ್ರೇಟ್ ಆಗಿ ಬಾವಿಯ ನೀರಿಗೆ ಇಳಿಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ನೈಟ್ರೋಜನ್ ಕಡಿಮೆ, ಆದರೆ ಮಣ್ಣಿಗೆ ನೀರು ಹಿಡಿದಿಡುವ ಶಕ್ತಿ ಕೊಡುವ ಕಾರ್ಬನ್ ಅದರಲ್ಲಿದೆ. ಯೂರಿಯಾ ಹರಳು ಅದನ್ನು ಕೊಡಲಾರದು.

ಬೆಲ್ಲಕ್ಕೂ ಒಂದು ಮಾತು. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಗಾಣದಲ್ಲಿ ಹೈಡ್ರೋಸ್ ಎಂಬ ಗಂಧಕದ ಪುಡಿ ಹಾಕುವ ರೂಢಿ ಇದೆ. ಅದನ್ನು ಹಾಕದ ಬೆಲ್ಲ ಕಂದಾಗಿರುತ್ತದೆ, ನಾನು ಕೊಳ್ಳುವುದೂ ಅದನ್ನೇ. ಆದರೆ ಹಳೆಯ ಕಾಲದ ಶುದ್ಧ ಬೆಲ್ಲಕ್ಕೂ ಕಬ್ಬಿನ ಹಾಲಿನ ಹುಳಿ ತೆಗೆಯಲು ಸುಣ್ಣದ ತಿಳಿ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ಸುಣ್ಣ ಅಪ್ಪಟ ನಿರವಯವ, ಅಪ್ಪಟ ಕೆಮಿಕಲ್ಲು. ಕೆಮಿಕಲ್ ಇಲ್ಲದ ತಿನಿಸು ಎಲ್ಲೂ ಇಲ್ಲ. ಕೇಳಬೇಕಾದದ್ದು ಯಾವುದು, ಎಷ್ಟು ಎಂಬುದು.

ಇದು ಬರೀ ಪದಗಳ ಜಗಳ ಎಂದು ಬಿಡುವಂತಿಲ್ಲ. ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಎಂದು ನಂಬಿದ ಮಗು ಗುಲಗಂಜಿಯ ಚೆಂದದ ಕೆಂಪು ಬೀಜ ಅಗಿದರೆ ಪ್ರಾಣಕ್ಕೇ ಕುತ್ತು. ಅದರಲ್ಲಿರುವ ಅಬ್ರಿನ್ ಪ್ರೋಟೀನು ಪೂರ್ತಿ ಸಾವಯವ. ಘಟ್ಟದ ಕಾಡಿನ ಕಾಸರಕದ ಬೀಜದ ಸ್ಟ್ರಿಕ್ನಿನ್, ಅಂಗಳದ ಕಣಗಿಲೆಯ ವಿಷ, ಇವೂ ಹಾಗೆಯೇ. ಅತ್ತ ಉಪ್ಪು, ನೀರು, ರಕ್ತದ ಕಬ್ಬಿಣ, ಎಲುಬಿನ ಕ್ಯಾಲ್ಸಿಯಂ ಇಲ್ಲದೆ ನಾವಿಲ್ಲ. ಅವೆಲ್ಲ ನಿರವಯವದ ಕಡೆಯವು.

ಇನ್ನೂ ಎಚ್ಚರ ಬೇಕಾದದ್ದು ಎರಡೂ ಲೋಕ ಕೂಡುವ ಜಾಗದಲ್ಲಿ, ಅಂದರೆ ನಮ್ಮ ಅಡುಗೆಮನೆಯಲ್ಲಿ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ. ಮೂರೂ ಸಾವಯವ. ಹುಣಸೆಹಣ್ಣು ತಿಕ್ಕಿದರೆ ತಾಮ್ರದ ತಂಬಿಗೆ ಫಳಫಳ ಹೊಳೆಯುತ್ತದೆ, ಏಕೆಂದರೆ ಹುಳಿ ತಾಮ್ರದ ಕಿಲುಬನ್ನು ಕರಗಿಸಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅದೇ ಹುಳಿ ಸಾರಾಗಿ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡೀ ಕೂತರೆ? ಕರಗಿದ ತಾಮ್ರ ನಮ್ಮ ಹೊಟ್ಟೆಗೆ. ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. "ಹಿತ್ತಾಳಿ ಪಾತ್ರೆದಾಗ ಮಜ್ಜಿಗಿ ಇಡಬ್ಯಾಡ್ರಿ, ಕಿಲಬತೈತಿ" ಎಂದು ನಮ್ಮ ಅಜ್ಜಿಯರು ಗದರುತ್ತಿದ್ದುದು ಮಡಿಗೆ ಸೇರಿದ ಮಾತಲ್ಲ, ರಸಾಯನಶಾಸ್ತ್ರ. ಈಗ ತಾಮ್ರ-ಹಿತ್ತಾಳೆಯ ಪಾತ್ರೆಗಳು ಫ್ಯಾಶನ್ನಾಗಿ ಮರಳಿ ಬಂದಿವೆ, ಕಲಾಯಿಯವನು ಮಾತ್ರ ಓಣಿಗೆ ಬರುವುದಿಲ್ಲ. ಕೊಂಡವರು ಒಳಗಿನ ತವರದ ಲೇಪ ಮಾಸಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು.

ಮಣ್ಣಿನ ಪಾತ್ರೆಗೂ ಇದೇ ನ್ಯಾಯ. ಸಾದಾ ಕೆಂಪು ಮಡಕೆಯಲ್ಲಿ ನೀರು ತುಂಬಿಡಲು ಹೆದರಬೇಕಿಲ್ಲ. ಉಪ್ಪಿನಕಾಯಿಯ ಹಳೆಯ ಭರಣಿ ಹೆಚ್ಚು ಬಿಸಿಯಲ್ಲಿ ಸುಟ್ಟ ಗಟ್ಟಿ ಜಾತಿಯದು, ಮೈಮೇಲೆ ಗಾಜಿನಂಥ ಮೆರುಗು. ಆದರೆ ಅಲಂಕಾರಕ್ಕೆಂದು ಮಾಡಿದ, ಗಾಢ ಬಣ್ಣದ ಹೊಳಪಿನ ಕೆಲವು ಪಾತ್ರೆಗಳ ಮೆರುಗಿನಲ್ಲಿ ಸೀಸ ಇರುವುದುಂಟು. ಉಪ್ಪಿನಕಾಯಿಯ ಹುಳಿ ಆ ಸೀಸವನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳೆಯುವ ಮಕ್ಕಳ ಮಿದುಳಿಗೆ ಅದು ದೊಡ್ಡ ಶತ್ರು. ಆಹಾರಕ್ಕೆಂದೇ ಮಾಡಿದ್ದು ಎಂದು ಮಾರುವವರು ಖಾತ್ರಿ ಕೊಡದಿದ್ದರೆ ಅಂಥ ಪಾತ್ರೆಯಲ್ಲಿ ಹೂವಿಡಿ, ಹುಳಿ ಇಡಬೇಡಿ.

ಈ ಎರಡು ಲೋಕಗಳ ಭೇಟಿಯನ್ನು ಅಪಾಯವಿಲ್ಲದೆ ನೋಡುವ ದಾರಿಯೂ ಅಡುಗೆಮನೆಯಲ್ಲೇ ಇದೆ. ಆರತಿಗೆ ಓಕುಳಿ ಕಲಸುವಾಗ ಅಜ್ಜಿಯ ಪಕ್ಕ ನಿಂತುಕೊಳ್ಳಿ. ತಟ್ಟೆಯ ನೀರಿಗೆ ಅರಿಸಿನ ಹಾಕಿದಾಗ ಹಳದಿ. ಅದು ಕರ್ಕ್ಯುಮಿನ್ ಎಂಬ ಸಾವಯವ ಬಣ್ಣ. ಅದಕ್ಕೆ ಎಲೆಗೆ ಹಚ್ಚುವ ಸುಣ್ಣ ಚಿಟಿಕೆಯಷ್ಟು ಸೇರಿಸಿದ ಕ್ಷಣ ನೀರೆಲ್ಲ ಕೆಂಪು. ಸುಣ್ಣವನ್ನು ಅಜ್ಜಿಯೇ ಮುಟ್ಟಲಿ, ಅದು ಕಣ್ಣಿಗೆ ತಾಗಬಾರದು. ಆರತಿ ಮುಗಿದ ಮೇಲೆ, ಬಾಗಿಲಿಗೆ ಚೆಲ್ಲುವ ಮೊದಲು, ಒಂದು ಬಟ್ಟಲಷ್ಟು ಓಕುಳಿ ಕೇಳಿ ಇಸಿದುಕೊಂಡು ಅದಕ್ಕೆ ನಿಂಬೆಹಣ್ಣು ಹಿಂಡಿ. ಕೆಂಪು ಹೋಗಿ ಮತ್ತೆ ಅರಿಸಿನದ ಹಳದಿ ಬರುತ್ತದೆ. ಸುಣ್ಣ ಸೇರಿಸಿದರೆ ಇನ್ನೊಮ್ಮೆ ಕೆಂಪು. ನನ್ನ ಮೊಮ್ಮಗಳು ಹೀಗೆ ಒಂದೇ ಬಟ್ಟಲನ್ನು ಆರು ಸಲ ಬಣ್ಣ ಬದಲಿಸಿದಳು. ಏಳನೆಯ ಸಲಕ್ಕೆ ನಿಂಬೆಹಣ್ಣು ಮುಗಿಯಿತು.